ಒಂಟಿ ಸೀಟಿನ ವಿಮಾನಕ್ಕೆ ಎರಡನೇ ಸೀಟು ಬಂದ ಕಥೆ

ಅಪ್ಪ ವಿಮಾನ ನೋಡುವ ರೀತಿಯೇ ಬೇರೆ. ನಾವೆಲ್ಲ ಮೂತಿ ನೋಡುತ್ತೇವೆ, ರೆಕ್ಕೆ ನೋಡುತ್ತೇವೆ, ಎಂಜಿನ್ ಸದ್ದಿಗೆ ಮೈ ಜುಮ್ ಅನ್ನಿಸಿಕೊಳ್ಳುತ್ತೇವೆ. ಅಪ್ಪ ಬಗ್ಗಿ ಹೊಟ್ಟೆಯ ಕೆಳಗೆ ನೋಡುತ್ತಾರೆ. ಎಣ್ಣೆ ಎಲ್ಲಿ ಜಿನುಗಿದೆ, ರಿವೆಟ್ ಸಾಲು ಎಲ್ಲಿ ಹೊಸದು, ತೇಪೆ ಎಲ್ಲಿ ಬಿದ್ದಿದೆ ಅಂತ. 36 ವರ್ಷ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು ಅವರು.

ಕೆಲವು ವರ್ಷಗಳ ಹಿಂದೆ ಅಪ್ಪ ಕೇಂಬ್ರಿಜ್‌ಗೆ ನಮ್ಮ ಮನೆಗೆ ಬಂದಿದ್ದಾಗ, ಹತ್ತಿರದಲ್ಲೇ ಇರುವ ಡಕ್ಸ್‌ಫರ್ಡ್‌ಗೆ ಕರೆದುಕೊಂಡು ಹೋದೆ. ಅದು ಹಳೆಯ ಏರ್‌ಫೋರ್ಸ್ ನೆಲೆ, ಈಗ ಮ್ಯೂಸಿಯಂ. ಅವತ್ತು ಏರ್ ಶೋ ಇತ್ತು. ಸಾಲಾಗಿ ನಿಂತ ಸ್ಪಿಟ್‌ಫೈರ್‌ಗಳ, ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನಗಳ, ಮುಂದೆ ನಡೆಯುತ್ತಾ ನಡೆಯುತ್ತಾ ಅಪ್ಪ ಒಂದರ ಮುಂದೆ ನಿಂತುಬಿಟ್ಟರು. ಅದಕ್ಕೆ ಒಂದರ ಹಿಂದೆ ಒಂದರಂತೆ ಎರಡು ಕಾಕ್‌ಪಿಟ್ ಇದ್ದವು. ಅದರ ನಂಬರ್ ಎಂಎಲ್ 407.

"ಇದು ಟ್ರೇನರ್ ಕಣಮ್ಮ. ಇದೆಲ್ಲಿ ಯುದ್ಧಕ್ಕೆ ಹೋಗಿರುತ್ತೆ?" ಅಂದರು ಅಪ್ಪ.

ಟ್ರೇನರ್ ಅಂದರೆ ಹಾರಲು ಕಲಿಸುವ ವಿಮಾನ. ನನಗೂ ಹಾಗೇ ಅನ್ನಿಸಿತ್ತು. ಮನೆಗೆ ಬಂದ ಮೇಲೆ ಇಬ್ಬರೂ ಕೂತು ಆ ನಂಬರಿನ ಜಾತಕ ಹುಡುಕಿದೆವು. ಅವತ್ತು ಶುರುವಾದದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಬ್ರಿಟನ್ ಒಟ್ಟು 20,000ಕ್ಕೂ ಹೆಚ್ಚು ಸ್ಪಿಟ್‌ಫೈರ್ ಮಾಡಿತು, ಹೆಚ್ಚಿನವು ಯುದ್ಧದ ಕಾಲದಲ್ಲಿ. ಫ್ಯಾಕ್ಟರಿಯಿಂದ ಹೊರಬಂದದ್ದೆಲ್ಲ ಒಂದೇ ಸೀಟಿನವು. ಹಾಗಾದರೆ ಹುಡುಗರು ಕಲಿಯುತ್ತಿದ್ದದ್ದು ಹೇಗೆ? ಬೇರೆ ಎರಡು ಸೀಟಿನ ವಿಮಾನಗಳಲ್ಲಿ ಕಲಿತು ಬರುತ್ತಿದ್ದರು. ಸ್ಪಿಟ್‌ಫೈರ್ ಹತ್ತುವ ದಿನ, ಕಲಿಸುವವರು ರೆಕ್ಕೆಯ ಮೇಲೆ ನಿಂತು ಯಾವ ಲಿವರ್ ಯಾವುದಕ್ಕೆ ಅಂತ ತೋರಿಸಿ ಕೆಳಗೆ ಇಳಿದು ಹೋಗುತ್ತಿದ್ದರು. ಅಷ್ಟೇ. ಮೊದಲ ಹಾರಾಟವೇ ಒಬ್ಬನೇ. 19, 20 ವರ್ಷದ ಹುಡುಗ, ಮುಂದೆ ನೋಡಿದರೆ ಉದ್ದನೆಯ ಎಂಜಿನ್ ಮೂತಿ ಬಿಟ್ಟು ಏನೂ ಕಾಣುವುದಿಲ್ಲ, ತಪ್ಪಾದರೆ ಕೈ ಹಿಡಿಯಲು ಹಿಂದೆ ಯಾರೂ ಇಲ್ಲ. ಇದನ್ನು ಯೋಚಿಸಿದಾಗ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಎರಡನೇ ಸೀಟು ಬೇಕು ಅಂತ ಆಗಲೇ ಅನ್ನಿಸಿದವರಿದ್ದರು. ಸೋವಿಯತ್ ಒಕ್ಕೂಟಕ್ಕೆ ಹೋದ ಸ್ಪಿಟ್‌ಫೈರ್‌ಗಳಲ್ಲಿ ಕೆಲವಕ್ಕೆ ಅಲ್ಲಿಯವರೇ ಇನ್ನೊಂದು ಕಾಕ್‌ಪಿಟ್ ಕೂರಿಸಿಕೊಂಡಿದ್ದರು. ಸಿಸಿಲಿಯಲ್ಲಿದ್ದ ಒಂದು ಬ್ರಿಟಿಷ್ ಸ್ಕ್ವಾಡ್ರನ್ ಕೂಡ ತನ್ನ ಒಂದು ವಿಮಾನವನ್ನು ಹಾಗೆ ಮಾಡಿಕೊಂಡಿತ್ತು.

ಸೀಟೇ ಇಲ್ಲದೆ ಸ್ಪಿಟ್‌ಫೈರ್‌ನಲ್ಲಿ ಎರಡನೆಯವರಾಗಿ ಹಾರಿದ ಒಬ್ಬರು ಇದ್ದಾರೆ. ಮಾರ್ಗರೆಟ್ ಹಾರ್ಟನ್ ಅಂತ, ನೆಲದ ಮೇಲೆ ವಿಮಾನ ನೋಡಿಕೊಳ್ಳುವ ಕೆಲಸದಾಕೆ. ಜೋರು ಗಾಳಿ ಇದ್ದಾಗ ವಿಮಾನದ ಬಾಲ ಮೇಲೇಳದಿರಲಿ ಅಂತ ಅದರ ಮೇಲೆ ಒಬ್ಬರು ಕೂರುತ್ತಿದ್ದರು. ರನ್‌ವೇ ಬಂದಾಗ ಹಾರಿ ಇಳಿಯಬೇಕು. 1945ರಲ್ಲಿ ಒಂದು ದಿನ ಮಾರ್ಗರೆಟ್ ಇಳಿಯುವ ಮೊದಲೇ ಪೈಲಟ್ ಹೊರಟುಬಿಟ್ಟ. ಆಕೆ ಬಾಲವನ್ನು ತಬ್ಬಿಕೊಂಡೇ ಆಕಾಶಕ್ಕೆ ಹೋದರು. ಬಾಲ ಯಾಕೋ ಭಾರ ಅಂತ ಪೈಲಟ್‌ಗೆ ಅನ್ನಿಸಿತು, ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ. ಒಂದು ಸುತ್ತು ಹೊಡೆದು ಇಳಿಸಿದ. ಆಕೆ ಬದುಕಿ ಉಳಿದರು. ಎಬಿ 910 ಅನ್ನುವ ಆ ವಿಮಾನವೂ ಉಳಿದಿದೆ. ಅಪ್ಪನಿಗೆ ಈ ಕಥೆ ಹೇಳಿದಾಗ ಅವರು ನಗಲಿಲ್ಲ. "ಹೆಲ್ಪರ್ ಇಳಿದಿದ್ದಾರಾ ಅಂತ ನೋಡದೆ ಥ್ರಾಟಲ್ ಕೊಡಬಾರದು" ಅಂದರು, ನಿನ್ನೆ ಆದದ್ದೇನೋ ಅನ್ನುವ ಹಾಗೆ.

ಈಗ ಎಂಎಲ್ 407ಕ್ಕೆ ಬರುತ್ತೇನೆ. ಇದು ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಕ್ಯಾಸಲ್ ಬ್ರಾಮ್‌ವಿಚ್ ಫ್ಯಾಕ್ಟರಿಯಲ್ಲಿ, 1944ರಲ್ಲಿ. ಮಾರ್ಕ್ 9 ಅನ್ನುವ ಮಾದರಿ. ಒಳಗೆ ರೋಲ್ಸ್ ರಾಯ್ಸ್ ಮರ್ಲಿನ್ 66 ಎಂಜಿನ್. ರೆಕ್ಕೆಯಲ್ಲಿ 20 ಮಿಲಿಮೀಟರಿನ ಎರಡು ಫಿರಂಗಿ, ನಾಲ್ಕು ಮೆಷಿನ್ ಗನ್. ಸೀಟು ಒಂದೇ.

ಏಪ್ರಿಲ್ 29ರಂದು ಅದನ್ನು ನ್ಯೂಜಿಲೆಂಡ್ ಹುಡುಗರ 485ನೇ ಸ್ಕ್ವಾಡ್ರನ್‌ಗೆ ತಂದುಕೊಟ್ಟದ್ದು 22 ವರ್ಷದ ಒಬ್ಬ ಹುಡುಗಿ. ಹೆಸರು ಜ್ಯಾಕಿ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದವರು. ಫ್ಯಾಕ್ಟರಿಯಿಂದ ನೆಲೆಗೆ ವಿಮಾನ ತಲುಪಿಸುವ ಒಂದು ಸಂಸ್ಥೆ ಆಗ ಇತ್ತು. ಅದರಲ್ಲಿ ಹೆಂಗಸರೂ ಪೈಲಟ್‌ಗಳಾಗಿದ್ದರು. ಅವರಿಗೆ ರೇಡಿಯೋ ಇಲ್ಲ. ಗನ್ ಇದ್ದರೂ ಗುಂಡು ಇಲ್ಲ. ಕೆಳಗೆ ಕಾಣುವ ರೈಲು ಹಳಿ, ನದಿ, ಊರು ನೋಡಿಕೊಂಡೇ ದಾರಿ ಹಿಡಿಯಬೇಕು. ಇವತ್ತು ಸ್ಪಿಟ್‌ಫೈರ್, ನಾಳೆ ಇನ್ನಾವುದೋ ಬಾಂಬರ್. ಯಾವ ವಿಮಾನ ಸಿಕ್ಕರೂ ಒಂದು ಸಣ್ಣ ಕೈಪುಸ್ತಕ ತೆರೆದು, ಅದರ ಪುಟ ಓದಿಕೊಂಡು ಹಾರಿಸುವುದು. ಜ್ಯಾಕಿ ಯುದ್ಧ ಮುಗಿಯುವಷ್ಟರಲ್ಲಿ 1,500ಕ್ಕೂ ಜಾಸ್ತಿ ವಿಮಾನ ತಲುಪಿಸಿದ್ದರು. ತಂದುಕೊಡು, ಸಹಿ ಹಾಕಿಸಿಕೋ, ಹೊರಡು. ತಾನು ತಂದದ್ದು ಎಲ್ಲಿ ಹೋಯಿತು, ಏನಾಯಿತು ಅಂತ ನೋಡಲು ಪುರುಸೊತ್ತೇ ಇರಲಿಲ್ಲ.

ಈ ವಿಮಾನಕ್ಕೆ ಏನಾಯಿತು ಅನ್ನುವುದು ಐದೇ ವಾರದಲ್ಲಿ ಗೊತ್ತಾಯಿತು. 485ರವರು ಆಗ ಇಂಗ್ಲೆಂಡಿನ ದಕ್ಷಿಣ ತೀರದ ಸೆಲ್ಸಿಯಲ್ಲಿದ್ದರು. ಜೂನ್ ಮೊದಲ ವಾರ ಎಲ್ಲ ವಿಮಾನಗಳ ರೆಕ್ಕೆ ಮತ್ತು ಮೈಗೆ ಕಪ್ಪು ಬಿಳುಪು ಪಟ್ಟೆ ಬಳಿಯಿರಿ ಅಂತ ಆಜ್ಞೆ ಬಂತು. ನಮ್ಮವರೇ ನಮ್ಮವರಿಗೆ ಗುಂಡು ಹೊಡೆಯದಿರಲಿ ಅಂತ. ಬಳಿದವರು ನೆಲದ ಮೇಲಿನ ಕೆಲಸಗಾರರು, ಬ್ರಷ್ ಹಿಡಿದು, ಒಂದೆರಡು ದಿನದಲ್ಲಿ. ಡಕ್ಸ್‌ಫರ್ಡ್‌ನಲ್ಲಿ ಎಷ್ಟೊಂದು ವಿಮಾನಗಳ ಮೇಲೆ ಆ ಪಟ್ಟೆ ಕಾಣುತ್ತದೆ. ಈಗ ನೀಟಾಗಿ ಟೇಪ್ ಹಚ್ಚಿ ಬಳಿದಿರುತ್ತಾರೆ. ಅವತ್ತಿನ ಫೋಟೋಗಳಲ್ಲಿ ಕೆಲವು ಪಟ್ಟೆಯ ಅಂಚು ಸೊಟ್ಟಂಬಟ್ಟ. ನನಗೆ ಆ ಸೊಟ್ಟ ಅಂಚೇ ಇಷ್ಟ. ಅವಸರದಲ್ಲಿ ಬಳಿದ ಕೈ ಅದರಲ್ಲಿ ಕಾಣುತ್ತದೆ.

ಜೂನ್ 6. ನಾರ್ಮಂಡಿಯ ದಂಡೆಗೆ ಸೈನ್ಯ ಇಳಿದ ದಿನ. ಮಧ್ಯಾಹ್ನ ಈ ವಿಮಾನದಲ್ಲಿದ್ದವರು ನ್ಯೂಜಿಲೆಂಡಿನ ಜಾನಿ ಹೌಲ್ಟನ್. ಒಮಾಹಾ ಅನ್ನುವ ದಂಡೆಯ ದಕ್ಷಿಣಕ್ಕೆ ಮೋಡದಿಂದ ಒಂದು ಜರ್ಮನ್ ಯೂಂಕರ್ಸ್ 88 ಹೊರಬಂತು. ಹೌಲ್ಟನ್ ಅದನ್ನು ಹೊಡೆದು ಬೀಳಿಸಿದರು. ಸೈನ್ಯ ಇಳಿಯಲು ಶುರುವಾದ ಮೇಲೆ ನಾರ್ಮಂಡಿ ದಂಡೆಗಳ ಮೇಲೆ ಬಿದ್ದ ಮೊದಲ ಶತ್ರು ವಿಮಾನ ಅದು ಅನ್ನುವುದು ದಾಖಲೆ. ಸ್ವಲ್ಪ ಹೊತ್ತಿಗೆ ಇನ್ನೊಂದನ್ನು ಬೇರೆಯವರ ಜೊತೆ ಸೇರಿ ಬೀಳಿಸಿದರು.

ಈ ವಿಮಾನದ ಬಗ್ಗೆ ಯಾರು ಬರೆದರೂ ಇಲ್ಲಿಂದಲೇ ಶುರು ಮಾಡುತ್ತಾರೆ. ಏರ್ ಶೋನ ಮೈಕಿನಲ್ಲೂ ಇದನ್ನೇ ಹೇಳುತ್ತಾರೆ. ನನಗೆ ಇದು ಹೆಮ್ಮೆಯ ಮಾತು ಅನ್ನಿಸುವುದಿಲ್ಲ, ಸುಳ್ಳೂ ಅಲ್ಲ. ಆ ಯೂಂಕರ್ಸ್‌ನಲ್ಲೂ ಮೂರು ನಾಲ್ಕು ಜನ ಕೂರುವ ಜಾಗ ಇತ್ತು. ಅವರಿಗೂ ಮನೆಯಲ್ಲಿ ಯಾರೋ ಕಾಯುತ್ತಿದ್ದರು. ನಾಜಿಗಳು ಸೋಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ವಿಮಾನದ ಬದುಕನ್ನು ಅದು ಬೀಳಿಸಿದ ವಿಮಾನದಿಂದ ಮಾತ್ರ ಅಳೆಯುವುದು ಸರಿ ಅಂತ ಅನ್ನಿಸುವುದಿಲ್ಲ.

ಮುಂದಿನ ಕಥೆಯೇ ನನಗೆ ಹೆಚ್ಚು ಹತ್ತಿರದ್ದು. 1944ರ ಕೊನೆಗೆ ಯುದ್ಧ ಬೆಲ್ಜಿಯಂ, ಹಾಲೆಂಡ್ ಕಡೆ ಸರಿದಿತ್ತು. ಎಂಎಲ್ 407 ನ್ಯೂಜಿಲೆಂಡಿನವರ ಕೈಯಿಂದ 341ನೇ ಸ್ಕ್ವಾಡ್ರನ್‌ಗೆ ಹೋಯಿತು. ಅದು ಫ್ರೆಂಚರದು. ಅಲ್ಲಿಂದ 308, ಪೋಲೆಂಡಿನವರದು. ಆಮೇಲೆ 349, ಬೆಲ್ಜಿಯಂನವರದು. ಮತ್ತೆ ಫ್ರೆಂಚರ 345. ಆಮೇಲೆ ನಾರ್ವೆಯವರ 332. ಕೊನೆಗೆ ಯುದ್ಧ ಮುಗಿಯುವ ಹೊತ್ತಿಗೆ ತಿರುಗಿ 485ಕ್ಕೇ ಬಂತು, ತವರಿಗೆ ಬಂದ ಹಾಗೆ.

ಈ ಪಟ್ಟಿಯನ್ನು ನಿಧಾನವಾಗಿ ಓದಿ ನೋಡಿ. ಒಂದು ಸ್ಕ್ವಾಡ್ರನ್ ಬಿಟ್ಟರೆ ಉಳಿದವರೆಲ್ಲ ಊರು ಕಳೆದುಕೊಂಡವರು. ಅವರ ದೇಶಗಳನ್ನು ಜರ್ಮನಿ ನುಂಗಿತ್ತು. ಅಮ್ಮ, ಹೆಂಡತಿ, ತಂಗಿ ಅಲ್ಲೇ ಉಳಿದಿದ್ದರು, ಕಾಗದ ಬರುತ್ತಿರಲಿಲ್ಲ. ಫ್ರೆಂಚರ ಸ್ಕ್ವಾಡ್ರನ್‌ಗಳಿಗೆ ಅವರ ಪ್ರಾಂತ್ಯಗಳ ಹೆಸರು. 341 ಅಂದರೆ ಅಲ್ಸಾಸ್. 308ಕ್ಕೆ ಕ್ರಾಕೋವ್ ನಗರದ ಹೆಸರು. ಊರು ಕೈತಪ್ಪಿದಾಗ ಹೆಸರನ್ನಾದರೂ ಜೊತೆಗೆ ಇಟ್ಟುಕೊಂಡು ಹಾರುತ್ತಿದ್ದರು. ಪೋಲೆಂಡಿನವರ ಪಾಡು ಇನ್ನೂ ಕಷ್ಟದ್ದು. ಯುದ್ಧ ಗೆದ್ದ ಮೇಲೂ ಅವರಲ್ಲಿ ಎಷ್ಟೋ ಜನ ಮನೆಗೆ ಹೋಗಲಾಗಲಿಲ್ಲ. ಅಲ್ಲಿ ಸೋವಿಯತ್ ಹಿಡಿತ ಬಂದಿತ್ತು. ಇಂಗ್ಲೆಂಡಿನಲ್ಲೇ ಸಿಕ್ಕ ಕೆಲಸ ಹಿಡಿದು ಮುದುಕರಾದರು.

ಅದೇ ಒಂದು ಸೀಟು, ಅದೇ ಬೆಲ್ಟು, ಅದೇ ಸ್ಟಿಕ್ಕು. ಒಬ್ಬನ ಕೈಬೆವರು ಒಣಗುವ ಮೊದಲೇ ಇನ್ನೊಂದು ಭಾಷೆಯವನು ಬಂದು ಅದನ್ನೇ ಹಿಡಿಯುತ್ತಾನೆ. ಅವರು ಒಬ್ಬರನ್ನೊಬ್ಬರು ನೋಡಿರಲಿಕ್ಕೂ ಇಲ್ಲ.

ಯುದ್ಧದಲ್ಲಿ ಎಂಎಲ್ 407 ಒಟ್ಟು 176 ಸಲ ಕಾರ್ಯಾಚರಣೆಗೆ ಹೋಯಿತು, 319 ಗಂಟೆ ಹಾರಿತು. ಅಪ್ಪ ಪೆನ್ನು ತೆಗೆದುಕೊಂಡು ಭಾಗಿಸಿದರು. ಸಲಕ್ಕೆ ಹತ್ತಿರ ಹತ್ತಿರ 1 ಗಂಟೆ 49 ನಿಮಿಷ. ಆಮೇಲೆ ಅವರು ಹೇಳಿದ್ದು ನನ್ನ ತಲೆಗೆ ಹೊಳೆದೇ ಇರಲಿಲ್ಲ. "176 ಸಲ ಹೋಯ್ತು ಅಂದ್ರೆ 176 ಸಲ ಯಾರೋ ರೆಡಿ ಮಾಡಿ ಕಳ್ಸಿದಾರೆ ಅಂತ. ಅದನ್ನ ಯಾರು ಬರ್ಕೊಂಡಿದಾರೆ?"

ಅದರ ಮೇಲೆ ನಾನು ಓದಲು ಶುರು ಮಾಡಿದೆ. ಒಂದು ಸ್ಪಿಟ್‌ಫೈರ್ ಹಿಂದೆ ಎಂಜಿನ್ ನೋಡುವ ಫಿಟ್ಟರ್ ಇರುತ್ತಿದ್ದ, ಮೈ ಮತ್ತು ತಂತಿ ನೋಡುವ ರಿಗ್ಗರ್ ಇರುತ್ತಿದ್ದ, ಗುಂಡು ತುಂಬುವವರು ಬೇರೆ. ಹಾರುವ ಮೊದಲು ಫಾರ್ಮ್ 700 ಅನ್ನುವ ಕಾಗದಕ್ಕೆ ಇವರೆಲ್ಲ ಸಹಿ ಹಾಕಬೇಕು, ಕೊನೆಗೆ ಪೈಲಟ್. ಗನ್ ಬಾಯಿಗಳಿಗೆ ಕೆಂಪು ಬಟ್ಟೆಯ ತುಂಡು ಅಂಟಿಸುತ್ತಿದ್ದರು, ಧೂಳು ಮತ್ತು ತೇವ ಒಳಗೆ ಹೋಗಿ ಮೇಲೆ ಚಳಿಗೆ ಗನ್ ಕಚ್ಚಿಕೊಳ್ಳದಿರಲಿ ಅಂತ. ಗುಂಡು ಹಾರಿದರೆ ಬಟ್ಟೆ ಹರಿಯುತ್ತದೆ. ವಿಮಾನ ವಾಪಸ್ ಬರುವಾಗ ನೆಲದವರು ಮೊದಲು ನೋಡುತ್ತಿದ್ದದ್ದು ಆ ಕೆಂಪು ತುಂಡನ್ನೇ. ಹರಿದಿದ್ದರೆ ಮೇಲೆ ಏನೋ ಆಗಿದೆ ಅಂತ ಅರ್ಥ. ಅದಕ್ಕೂ ಮೊದಲು ಇನ್ನೊಂದು ಲೆಕ್ಕ ಇರುತ್ತಿತ್ತು: ಎಷ್ಟು ಹೋದವು, ಎಷ್ಟು ಬಂದವು.

ಅಪ್ಪ ಸಹಿಯ ವಿಷಯ ಬಂದಾಗ ತುಂಬಾ ಹೊತ್ತು ಸುಮ್ಮನಿದ್ದರು. ಚಿಕ್ಕಂದಿನಲ್ಲಿ ನನಗೆ ಗೊತ್ತಿತ್ತು, ಕೆಲವು ರಾತ್ರಿ ಅಪ್ಪ ನಿದ್ದೆ ಮಾಡುತ್ತಿರಲಿಲ್ಲ. ಅಮ್ಮ ಕೇಳಿದರೆ "ಏನಿಲ್ಲ" ಅನ್ನುತ್ತಿದ್ದರು. ಅದು ಏನು ಅಂತ ಅವತ್ತು ಹೇಳಿದರು. "ಸೈನ್ ಹಾಕಿ ಬಂದ ಮೇಲೆ ಮನ್ಸಲ್ಲೇ ಇನ್ನೊಂದ್ಸಲ ಎಲ್ಲ ನಟ್ಟೂ ಟೈಟ್ ಮಾಡ್ತಾ ಮಲಗಿರ್ತಿದ್ದೆ."

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಊರಿನ ಒಂದು ವಿಷಯ ಹೇಳಲೇಬೇಕು. ಸ್ಪಿಟ್‌ಫೈರ್ ಬಗ್ಗೆ ಓದುತ್ತಾ ಓದುತ್ತಾ ಒಂದು ಹೆಸರು ಕಣ್ಣಿಗೆ ಬಿದ್ದು ಎದ್ದು ಕೂತೆ. 129 (ಮೈಸೂರು) ಸ್ಕ್ವಾಡ್ರನ್. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಶುರುವಾದದ್ದು. ಮೈಸೂರು ಸಂಸ್ಥಾನದ ದೇಣಿಗೆಗಾಗಿ ಅದಕ್ಕೆ ಆ ಹೆಸರು ಬಂತು. ಅದರ ಲಾಂಛನ ಯಾವುದು ಗೊತ್ತಾ? ಗಂಡಭೇರುಂಡ. ನಮ್ಮ ಸರ್ಕಾರಿ ಕಾಗದಗಳ ಮೇಲೆ ನೋಡುತ್ತೇವಲ್ಲ, ಅದೇ ಎರಡು ತಲೆಯ ಹಕ್ಕಿ. ಅದು ಸ್ಪಿಟ್‌ಫೈರ್ ಹಾರಿಸುವವರ ಗುರುತಾಗಿತ್ತು. 1942ರಲ್ಲಿ ಫ್ರಾನ್ಸ್ ತೀರದ ದಿಯೆಪ್ ಮೇಲೆ ನಡೆದ ದಾಳಿಯ ದಿನ ಈ ಸ್ಕ್ವಾಡ್ರನ್ ಅಲ್ಲಿತ್ತು. 1944ರ ಏಪ್ರಿಲ್‌ನಲ್ಲಿ, ಜ್ಯಾಕಿ ಎಂಎಲ್ 407 ತಂದುಕೊಟ್ಟ ಅದೇ ತಿಂಗಳಲ್ಲಿ, ಮೈಸೂರು ಸ್ಕ್ವಾಡ್ರನ್ ಸ್ಪಿಟ್‌ಫೈರ್ ಬಿಟ್ಟು ಮಸ್ಟ್ಯಾಂಗ್ ವಿಮಾನಗಳಿಗೆ ಹೋಯಿತು.

ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಜೊತೆಗೇ ನೋವೂ ಆಯಿತು. 1939ರಲ್ಲಿ ವೈಸರಾಯ್ ಭಾರತವನ್ನು ಯುದ್ಧಕ್ಕೆ ಸೇರಿಸಿದಾಗ ನಮ್ಮನ್ನು ಯಾರೂ ಕೇಳಿರಲಿಲ್ಲ. ದುಡ್ಡು ನಮ್ಮದು, ಹಕ್ಕಿ ನಮ್ಮದು, ಮಾತು ಮಾತ್ರ ನಮ್ಮದಲ್ಲ. ಊರಿಲ್ಲದವರು ಊರಿನ ಹೆಸರು ಹೊತ್ತು ಹಾರಿದ್ದಕ್ಕೂ, ಮೈಸೂರಿನ ಹೆಸರು ಹೊತ್ತು ಇನ್ನಾರೋ ಹಾರಿದ್ದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಯುದ್ಧ ಮುಗಿದ ಮೇಲೆ ಎಂಎಲ್ 407 ಗೋದಾಮು ಸೇರಿತು. ಸಾವಿರಾರು ಸ್ಪಿಟ್‌ಫೈರ್ ಗುಜರಿಗೆ ಹೋದವು. ಇದನ್ನು ಉಳಿಸಿದ್ದು ಎರಡನೇ ಸೀಟು. 1950ರಲ್ಲಿ ತಯಾರಕರು ಇದನ್ನು ವಾಪಸ್ ತೆಗೆದುಕೊಂಡು ಟ್ರೇನರ್ ಆಗಿ ಮಾರ್ಪಡಿಸಿದರು. ಕೆಲಸ ಸುಲಭದ್ದಲ್ಲ. ಹಿಂದೆ ಒಬ್ಬ ಮನುಷ್ಯನ ಭಾರ ಬಂದರೆ ತೂಕ ಹಿಂದಕ್ಕೆ ವಾಲುತ್ತದೆ. ಹಾಗಾಗಿ ಮುಂದಿನ ಕಾಕ್‌ಪಿಟ್ಟನ್ನೇ 13.5 ಇಂಚು ಮುಂದಕ್ಕೆ ಸರಿಸಿದರು. ಮುಂದೆ ಸರಿಸಿದರೆ ಅಲ್ಲಿದ್ದ ಪೆಟ್ರೋಲ್ ಟ್ಯಾಂಕಿಗೆ ಜಾಗ ಸಾಲದು. ಟ್ಯಾಂಕು ಚಿಕ್ಕದು ಮಾಡಿ, ಕಮ್ಮಿಯಾದ ಪೆಟ್ರೋಲನ್ನು ರೆಕ್ಕೆಯೊಳಗೆ ಇಟ್ಟರು. ಫಿರಂಗಿ ತೆಗೆದರು. ಗುರು ಹಿಂದೆ ಕೂರುವುದು. ಅವರಿಗೆ ಮುಂದಿನದು ಕಾಣಲಿ ಅಂತ ಹಿಂದಿನ ಗಾಜಿನ ಗುಮ್ಮಟವನ್ನು ಎತ್ತರಿಸಿದರು. ಆ ಕಾಲದ ಫೋಟೋ ನೋಡಿದಾಗ ನನಗೆ ಗಂಡಭೇರುಂಡವೇ ನೆನಪಾಯಿತು. ಒಂದೇ ಮೈ, ಎರಡು ತಲೆ.

13.5 ಇಂಚಿನ ವಿಷಯ ಹೇಳಿದಾಗ ಅಪ್ಪನ ಕಣ್ಣು ಅರಳಿತು. ಎಚ್‌ಎಎಲ್ ಮಾಡಿದ ಮಾರುತ್ ಯುದ್ಧವಿಮಾನಕ್ಕೂ ಹೀಗೆಯೇ ಎರಡು ಸೀಟಿನ ಟ್ರೇನರ್ ಬಂತು. 1970ರಲ್ಲಿ ಮೊದಲು ಹಾರಿದ್ದು. ಅಪ್ಪ ಆಗ ಕೆಲಸಕ್ಕೆ ಸೇರಿದ ಹೊಸತು. "ಹೊರಗಿನವರಿಗೆ ಒಂದು ಸೀಟು ಹಾಕಿದ್ರು ಅಷ್ಟೇ. ಒಳಗೆ ಒಂದು ಪೈಪೂ ಹಳೇ ಜಾಗದಲ್ಲಿ ಇರಲ್ಲ" ಅಂದರು.

ಇಂಥ ಎರಡು ಸೀಟಿನ ಮಾರ್ಕ್ 9 ಸ್ಪಿಟ್‌ಫೈರ್‌ಗಳು ಆಗ ಮಾರಾಟವಾದದ್ದು 20 ಮಾತ್ರ. ಅದರಲ್ಲಿ 10 ಬಂದದ್ದು ಭಾರತಕ್ಕೆ, ಸ್ವಾತಂತ್ರ್ಯ ಸಿಕ್ಕ ಹೊಸದರಲ್ಲಿ. ಐರ್ಲೆಂಡ್ 6 ತೆಗೆದುಕೊಂಡಿತು. ಅದರಲ್ಲಿ ನಮ್ಮ ಎಂಎಲ್ 407 ಒಂದು. ಐದು ದೇಶದವರ ಜೊತೆ ಯುದ್ಧ ಮಾಡಿದ ವಿಮಾನ ಕೊನೆಗೆ ಆ ಯುದ್ಧದಲ್ಲಿ ಯಾರ ಪಕ್ಷವನ್ನೂ ಸೇರದೆ ಉಳಿದ ದೇಶಕ್ಕೆ ಹೋಗಿ ಮೇಷ್ಟ್ರ ಕೆಲಸ ಮಾಡಿತು. 1960ರ ತನಕ.

ಆಮೇಲೆ ಕೈ ಬದಲಾಯಿಸುತ್ತಾ, ಬಿಚ್ಚಿದ ಭಾಗಗಳಾಗಿ, 1979ರಲ್ಲಿ ನಿಕ್ ಗ್ರೇಸ್ ಅನ್ನುವ ಎಂಜಿನಿಯರ್ ಹತ್ತಿರ ಬಂತು. ಅವರು ವರ್ಷಗಟ್ಟಲೆ ಕೂತು ಅದನ್ನು ಜೋಡಿಸಿದರು. ಎತ್ತರದ ಗುಮ್ಮಟ ತೆಗೆದು, ಹಿಂದಿನ ಗಾಜನ್ನು ಮುಂದಿನದರ ಸಾಲಿಗೆ ತಗ್ಗಿಸಿದರು. 1985ರ ಏಪ್ರಿಲ್ 16ರಂದು ಅದು ಮತ್ತೆ ಹಾರಿದಾಗ ಹಿಂದಿನ ಸೀಟಿನಲ್ಲಿ ಇದ್ದವರು ಹೆಂಡತಿ ಕ್ಯಾರೊಲಿನ್. ಮೂರೂವರೆ ವರ್ಷಕ್ಕೆ, 1988ರಲ್ಲಿ, ನಿಕ್ ಕಾರು ಅಪಘಾತದಲ್ಲಿ ತೀರಿಕೊಂಡರು. ಇಬ್ಬರು ಸಣ್ಣ ಮಕ್ಕಳು. ಕ್ಯಾರೊಲಿನ್ ವಿಮಾನ ಮಾರಲಿಲ್ಲ. ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಂದರು. 1990ರಲ್ಲಿ ಅದನ್ನು ಒಬ್ಬರೇ ಹಾರಿಸಿದರು. ಮುಂದೆ ಮಗ ರಿಚರ್ಡ್ ಕೂಡ ಅದನ್ನೇ ಹಾರಿಸಲು ಕಲಿತರು. 2022ರಲ್ಲಿ ಕ್ಯಾರೊಲಿನ್ ಕೂಡ ತಮ್ಮ ತವರು ಆಸ್ಟ್ರೇಲಿಯಾದಲ್ಲಿ ರಸ್ತೆ ಅಪಘಾತದಲ್ಲೇ ಹೋದರು. ಅದನ್ನು ಓದಿದ ದಿನ ನನಗೆ ಯಾರೋ ಗೊತ್ತಿದ್ದವರು ಹೋದ ಹಾಗೆ ಆಯಿತು.

1994ರ ಏಪ್ರಿಲ್ 29ರಂದು ಕ್ಯಾರೊಲಿನ್ ಜೊತೆ ಆ ವಿಮಾನದಲ್ಲಿ ಒಬ್ಬರು ಹತ್ತಿದರು. 72 ವರ್ಷದ ಅಜ್ಜಿ. ಸರಿಯಾಗಿ 50 ವರ್ಷದ ಹಿಂದೆ, ಅದೇ ದಿನ, ಅದೇ ವಿಮಾನವನ್ನು ಒಬ್ಬರೇ ತಂದುಕೊಟ್ಟು ಹೋಗಿದ್ದ ಜ್ಯಾಕಿ. 1,500 ವಿಮಾನಗಳಲ್ಲಿ ಒಂದು ಆಕೆಗಾಗಿ ಕಾದಿತ್ತು. ಜ್ಯಾಕಿ ತೀರಿಕೊಂಡದ್ದು 2004ರಲ್ಲಿ. ಚಿತಾಭಸ್ಮವನ್ನು ಗಾಳಿಗೆ ಬಿಟ್ಟದ್ದೂ ಎಂಎಲ್ 407ರಿಂದಲೇ.

ಡಕ್ಸ್‌ಫರ್ಡ್‌ನ ಆ ದಿನಕ್ಕೆ ತಿರುಗಿ ಬರುತ್ತೇನೆ. ಇದ್ಯಾವುದೂ ಆಗ ನಮಗೆ ಗೊತ್ತಿರಲಿಲ್ಲ. ಸಂಜೆ ಪ್ರದರ್ಶನ ಮುಗಿದು ವಿಮಾನಗಳು ಇಳಿದಿದ್ದವು. ಜನ ಪೈಲಟ್‌ಗಳ ಹಸ್ತಾಕ್ಷರಕ್ಕೆ ಸಾಲು ನಿಂತಿದ್ದರು. ಒಬ್ಬ ಹುಡುಗ ಬಟ್ಟೆ ತುಂಡು ಹಿಡಿದು ಎರಡು ಸೀಟಿನ ಸ್ಪಿಟ್‌ಫೈರ್‌ನ ಹೊಟ್ಟೆಯಡಿ ಮಲಗಿ ಎಣ್ಣೆ ಒರೆಸುತ್ತಿದ್ದ. ಅಪ್ಪ ಬೇಲಿ ಹಿಡಿದು ಅವನನ್ನೇ ನೋಡುತ್ತಾ ನಿಂತರು. ಅವನು ಎದ್ದು ಬಂದಾಗ ತಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು, ಒಂದು ಗಂಟೆ ಹಾರಿದರೆ ನಿನಗೆ ಎಷ್ಟು ಗಂಟೆ ಕೆಲಸ ಅಂತ.

ಹುಡುಗ ನಕ್ಕ. ಎಣ್ಣೆ ಮೆತ್ತಿದ ಎರಡೂ ಕೈ ಎತ್ತಿ ತೋರಿಸಿದ.